ಮೂರು ಕಂಪ್ಯೂಟರಿಗೆ ಒಂದೇ ಲೆಕ್ಕ: ಸುಂಟಿಕೊಪ್ಪದ ಕಾಫಿ ಆಫೀಸಲ್ಲಿ ಡೇಟಾಬೇಸ್ ಕೂರಿಸಿದ ಕಥೆ

ದೊಡ್ಡಪ್ಪನ ಮಗ, ನಮ್ಮಣ್ಣ, ಕೊಡಗಿನ ಸುಂಟಿಕೊಪ್ಪದಲ್ಲಿ ಕಾಫಿ ಮತ್ತು ಕಾಳುಮೆಣಸು ಖರೀದಿ ಮಾಡುತ್ತಾನೆ. ಆಫೀಸಲ್ಲಿ ಎರಡು ಕಂಪ್ಯೂಟರ್, ಅಂಗಳದ ಆಚೆ ಗೋಡೌನಿನಲ್ಲಿ ತೂಕದ ಮೆಷಿನ್ ಪಕ್ಕ ಒಂದು. ಮೂರಕ್ಕೂ ಸೇರಿ ಮೈಕ್ರೋಸಾಫ್ಟ್ ಆಕ್ಸೆಸ್ ಅನ್ನುವ ಡೇಟಾಬೇಸ್ ಪ್ರೋಗ್ರಾಮಿನ ಒಂದೇ ಫೈಲ್ ಇತ್ತು, ಆಫೀಸಿನ ಒಂದು ಕಂಪ್ಯೂಟರಿನ ಶೇರ್ ಫೋಲ್ಡರಿನಲ್ಲಿ. ಗೋಡೌನಿನವರು ಅದನ್ನು ವೈಫೈ ಮೇಲೆ ತೆರೆಯುತ್ತಿದ್ದರು. ಏಳು ವರ್ಷ ಹೀಗೇ ನಡೆದಿತ್ತು.

ಹೋದ ವರ್ಷ ಫೆಬ್ರವರಿಯಲ್ಲಿ, ಒಣಗಿದ ರೋಬಸ್ಟಾ ಚೆರಿ ಪಿಕಪ್ ಮೇಲೆ ಪಿಕಪ್ ಬರುವ ಹೊತ್ತಿಗೆ, ಸಂಜೆ ನಾಲ್ಕಕ್ಕೆ ಕರೆಂಟ್ ಹೋಯಿತು. ವೈಫೈ ಆಫ್. ಗೋಡೌನಿನ ಕಂಪ್ಯೂಟರ್ ಆಗಷ್ಟೇ ಒಂದು ಖರೀದಿ ಚೀಟಿ ಬರೆಯುತ್ತಿತ್ತು. ಕರೆಂಟ್ ಬಂದ ಮೇಲೆ ಫೈಲ್ ತೆರೆಯಲೇ ಇಲ್ಲ. ರಿಪೇರಿ ಮಾಡಿ ನೋಡಿದರೆ ಅವತ್ತಿನ ಚೀಟಿಗಳಲ್ಲಿ ಒಂಬತ್ತು ಇಲ್ಲ. ಲೆಕ್ಕ ನೋಡುವ ಅಕ್ಕ ರಾತ್ರಿ ಎಂಟೂವರೆವರೆಗೆ ಕೂತು ಕಾರ್ಬನ್ ಪ್ರತಿ ನೋಡಿಕೊಂಡು ಮತ್ತೆ ಟೈಪ್ ಮಾಡಿದರು. "ತಮ್ಮ, ಇದಕ್ಕಿಂತ ಬುಕ್ಕೇ ವಾಸಿ" ಅಂದರು. ಆ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ.

ತಪ್ಪು ಆಕ್ಸೆಸ್‌ದಲ್ಲ, ನಾವು ಬಳಸಿದ ರೀತಿಯದು. ಶೇರ್ ಫೋಲ್ಡರಿನಲ್ಲಿ ಫೈಲ್ ಇಟ್ಟರೆ ಅಲ್ಲಿ ಯಾರೂ ಯಜಮಾನ ಇರುವುದಿಲ್ಲ. ಮೂರು ಕಂಪ್ಯೂಟರೂ ನೆಟ್‌ವರ್ಕ್ ಮೇಲಿಂದ ಆ ಫೈಲಿನ ಚೂರುಗಳನ್ನು ಎಳೆದುಕೊಂಡು, ತಾವೇ ತಿದ್ದಿ, ತಾವೇ ವಾಪಸ್ ಬರೆಯುತ್ತವೆ. ನಡುವೆ ಒಂದರ ಸಂಪರ್ಕ ಕಡಿದರೆ ಅರ್ಧ ಬರೆದ ಚೂರು ಅಲ್ಲೇ ಉಳಿಯುತ್ತದೆ. ಡೇಟಾಬೇಸ್ ಸರ್ವರ್ ಹಾಗಲ್ಲ. ಫೈಲನ್ನು ಮುಟ್ಟುವುದು ಅದೊಂದೇ. ಉಳಿದವರು ಅದಕ್ಕೆ "ಈ ಚೀಟಿ ಬರೆದುಕೋ" ಅಂತ ಹೇಳುತ್ತಾರೆ, ಅದು ಬರೆದು "ಆಯ್ತು" ಅನ್ನುತ್ತದೆ. ಆಯ್ತು ಅಂದಮೇಲೆ ಆಯ್ತು. ಅನ್ನದಿದ್ದರೆ ಆಗಿದೆ ಅಂತ ಹಿಡಿಯುವ ಹಾಗಿಲ್ಲ, ಆದರೆ ಅರ್ಧ ಮಾತ್ರ ಆಗುವುದಿಲ್ಲ. ನನಗೆ ಬೇಕಿದ್ದದ್ದು ಇಷ್ಟೇ.

ಏಪ್ರಿಲ್‌ನಲ್ಲಿ ಕೆಲಸ ಹಿಡಿದೆ. ಮೂಲೆಯಲ್ಲಿದ್ದ ಹಳೇ ಡೆಸ್ಕ್‌ಟಾಪ್ ಒಂದನ್ನು ಒರೆಸಿ, 8 ಜಿಬಿ ರ‍್ಯಾಮ್, ಹೊಸ ಎಸ್‌ಎಸ್‌ಡಿ ಹಾಕಿ, ಡೆಬಿಯನ್ 12 ಅನ್ನುವ ಲಿನಕ್ಸ್ ಇನ್‌ಸ್ಟಾಲ್ ಮಾಡಿದೆ. ಅದರ ಜೊತೆಗೇ ಪುಕ್ಕಟೆ ಡೇಟಾಬೇಸ್ ಸರ್ವರ್ ಆದ ಪೋಸ್ಟ್‌ಗ್ರೆಸ್ 15 ಸಿಗುತ್ತದೆ. ಇಷ್ಟು ಚಿಕ್ಕ ಆಫೀಸಿಗೆ ಇದು ಧಾರಾಳ. ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ, ಅಲ್ಮೇರಾ ಮೇಲೆ ಒಂದು ಮೂಲೆ. ಅದರಲ್ಲಿ ಬೇರೆ ಯಾವ ಕೆಲಸವೂ ಮಾಡಬಾರದು ಅಂತ ಅಣ್ಣನ ಹತ್ತಿರ ಮೊದಲೇ ಮಾತು ತಗೊಂಡೆ. ರೂಟರ್‌ನಲ್ಲಿ ಅದಕ್ಕೆ 192.168.1.10 ಅಂತ ವಿಳಾಸ ಕಾಯಂ ಮಾಡಿದೆ, ಇಲ್ಲದಿದ್ದರೆ ಒಂದು ದಿನ ರೂಟರ್ ಆಫ್ ಆಗಿ ಆನ್ ಆದಾಗ ವಿಳಾಸ ಬದಲಾಗಿ ಎಲ್ಲರೂ ಹುಡುಕಾಡಬೇಕಾಗುತ್ತದೆ.

ಪೋಸ್ಟ್‌ಗ್ರೆಸ್ ಹಾಕಿದ ಕೂಡಲೇ ಅದು ತನ್ನ ಮೆಷಿನ್ ಬಿಟ್ಟು ಹೊರಗಿನ ಯಾರ ಮಾತನ್ನೂ ಕೇಳುವುದಿಲ್ಲ. ಮೊದಲ ಸಲ ಮಾಡುವವರು ಇಲ್ಲೇ ಸಿಕ್ಕಿಕೊಳ್ಳುವುದು ಜಾಸ್ತಿ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಾಗಿಲು ಮೂರಿವೆ. ಪೋಸ್ಟ್‌ಗ್ರೆಸ್ ಯಾವ ವಿಳಾಸದಲ್ಲಿ ಕಿವಿ ಕೊಡಬೇಕು ಅನ್ನುವ ಸೆಟ್ಟಿಂಗ್, ಲಿಸನ್ ಅಡ್ರೆಸಸ್, ಒಂದು. ಯಾವ ಯೂಸರ್ ಯಾವ ವಿಳಾಸದಿಂದ ಯಾವ ಡೇಟಾಬೇಸಿಗೆ ಬರಬಹುದು ಅಂತ ಬರೆಯುವ ಎಚ್‌ಬಿಎ ಫೈಲ್ ಇನ್ನೊಂದು. ಆಮೇಲೆ ಮೆಷಿನ್ನಿನ ಫೈರ್‌ವಾಲ್‌ನಲ್ಲಿ ಅದು ಬಳಸುವ 5432 ಪೋರ್ಟ್. ಯಾವ ಬಾಗಿಲು ಮುಚ್ಚಿದೆ ಅಂತ ಎರರ್ ಮೆಸೇಜೇ ಹೇಳಿಬಿಡುತ್ತದೆ. ತಟ್ಟಂತ "ಕನೆಕ್ಷನ್ ರೆಫ್ಯೂಸ್ಡ್" ಅಂತ ಬಂದರೆ ಪೋಸ್ಟ್‌ಗ್ರೆಸ್ ಆ ವಿಳಾಸದಲ್ಲಿ ಕೇಳುತ್ತಿಲ್ಲ. ಸುಮ್ನೆ ಅರ್ಧ ನಿಮಿಷ ತಿರುಗಿ ತಿರುಗಿ ಟೈಮ್‌ಔಟ್ ಆದರೆ ಹೆಚ್ಚಾಗಿ ಫೈರ್‌ವಾಲ್. ಎಚ್‌ಬಿಎ ಫೈಲಿನಲ್ಲಿ ಎಂಟ್ರಿ ಇಲ್ಲ ಅಂದರೆ ಖುಷಿಪಡಿ, ನೀವು ಸರ್ವರ್ ಮುಟ್ಟಿದ್ದೀರಿ, ಒಂದು ಸಾಲು ಬರೆಯುವುದಷ್ಟೇ ಬಾಕಿ. ನೆನಪಿಡಿ, ಎಚ್‌ಬಿಎ ಬದಲಿಸಿದರೆ ರೀಲೋಡ್ ಸಾಕು. ಲಿಸನ್ ಅಡ್ರೆಸಸ್ ಬದಲಿಸಿದರೆ ಪೂರ್ತಿ ರೀಸ್ಟಾರ್ಟ್ ಮಾಡಲೇಬೇಕು. ನಾನು ರೀಲೋಡ್ ಮಾತ್ರ ಮಾಡಿ ಒಂದು ಗಂಟೆ ಕಳೆದೆ.

ಎಚ್‌ಬಿಎ ಫೈಲಿನಲ್ಲಿ ಎಲ್ಲ ವಿಳಾಸಕ್ಕೂ ಪಾಸ್‌ವರ್ಡ್ ಇಲ್ಲದೆ ಬಿಡುವ "ಟ್ರಸ್ಟ್" ಅನ್ನುವ ಪದ ಬರೆದರೆ ಈ ಫೈಲಿನ ಎರರೆಲ್ಲ ಮಾಯ ಆಗುತ್ತವೆ. ದಯವಿಟ್ಟು ಬರೆಯಬೇಡಿ. ರೈತರ ಬ್ಯಾಂಕ್ ಖಾತೆ ನಂಬರ್, ಫೋನ್ ನಂಬರ್ ಎಲ್ಲ ಅದರೊಳಗೆ ಇರುತ್ತವೆ. ನಾನು ನಮ್ಮ ಆಫೀಸಿನ ನೆಟ್‌ವರ್ಕ್ ಆದ 192.168.1.0/24 ಒಳಗಿನಿಂದ ಮಾತ್ರ, ಸ್ಕ್ರ್ಯಾಮ್ ಅನ್ನುವ ಭದ್ರ ವಿಧಾನದ ಪಾಸ್‌ವರ್ಡ್ ಜೊತೆ, ಅಂತ ಬರೆದೆ. ರೂಟರ್‌ನಲ್ಲಿ ಹೊರಗಿನಿಂದ ಯಾವ ಪೋರ್ಟೂ ತೆರೆದಿಲ್ಲ. ಕಾಫಿ ತಂದವರು ಕಾಯುವಾಗ ವೈಫೈ ಕೇಳುತ್ತಾರೆ, ಅವರಿಗೆ ಗೆಸ್ಟ್ ವೈಫೈ ಬೇರೆ.

ಆಫೀಸಿಂದ ಗೋಡೌನಿಗೆ ಕೇಬಲ್ ಎಳೆಯುವ ಕೆಲಸದಲ್ಲಿ ನಾನು ಎಡವಿದೆ. ದೂರ 60 ಮೀಟರ್. ಸಾದಾ ನೆಟ್‌ವರ್ಕ್ ಕೇಬಲ್ 100 ಮೀಟರ್‌ವರೆಗೆ ಬರುತ್ತದೆ, ಹಾಗಾಗಿ ಕ್ಯಾಟ್ 6 ಕೇಬಲನ್ನು ಅಂಗಳದ ಮೇಲಿಂದ ತಂತಿಗೆ ಕಟ್ಟಿ ಎಳೆದೆ. ಕೆಲಸ ಚೆನ್ನಾಗೇ ಮಾಡಿತು. ಹದಿನೈದು ದಿನಕ್ಕೆ ಏಪ್ರಿಲ್ ಕೊನೆಯ ಗುಡುಗು ಮಳೆ ಬಂತು. ಕೊಡಗಿನಲ್ಲಿ ಇರುವವರಿಗೆ ಗೊತ್ತು, ಜೂನ್ ಮಳೆಗಿಂತ ಮುಂಗಾರಿಗೆ ಮುಂಚಿನ ಸಿಡಿಲೇ ಹೆದರಿಕೆ. ಸಿಡಿಲು ಆಫೀಸಿಗೇನೂ ಬಡಿಯಲಿಲ್ಲ, ಹತ್ತಿರದ ತೋಟದ ಸಿಲ್ವರ್ ಓಕ್ ಮರಕ್ಕೆ ಬಡಿದದ್ದು. ಅಷ್ಟಕ್ಕೇ ನೆಟ್‌ವರ್ಕ್ ಸ್ವಿಚ್ಚಿನ ಎರಡು ಪೋರ್ಟ್, ಗೋಡೌನ್ ಕಂಪ್ಯೂಟರಿನ ನೆಟ್‌ವರ್ಕ್ ಪೋರ್ಟ್ ಸತ್ತಿದ್ದವು. ಎರಡು ಕಟ್ಟಡದ ನಡುವೆ ತಾಮ್ರದ ತಂತಿ ಎಳೆದರೆ ಅದು ಆಂಟೆನಾದ ಹಾಗೆ. ಹತ್ತಿರದಲ್ಲಿ ಸಿಡಿಲು ಬಿದ್ದರೆ ಸಾಕು, ಕರೆಂಟ್ ಅದರಲ್ಲಿ ಹುಟ್ಟುತ್ತದೆ, ಜೊತೆಗೆ ಎರಡು ಕಡೆಯ ಅರ್ಥಿಂಗ್ ಒಂದೇ ಮಟ್ಟದಲ್ಲಿ ಇರುವುದಿಲ್ಲ.

ಫೈಬರ್ ಗಾಜಿನದು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಊರಿಗೆ ಕೇಬಲ್ ಟಿವಿ, ಇಂಟರ್‌ನೆಟ್ ಕೊಡುವ ಹುಡುಗರ ಹತ್ತಿರ ಫೈಬರ್ ಬೆಸೆಯುವ ಮೆಷಿನ್ ಇರುತ್ತದೆ. ಅವರಿಗೇ ಹೇಳಿದೆ. ಒಳಗೆ ಉಕ್ಕಿನ ತಂತಿ ಇಲ್ಲದ ಕೇಬಲ್ಲೇ ಬೇಕು ಅಂತ ಒತ್ತಿ ಹೇಳಿದೆ, ಯಾಕೆಂದರೆ ಕಂಬಕ್ಕೆ ಕಟ್ಟುವ ಕೇಬಲ್ ಕೆಲವದರಲ್ಲಿ ಬಲಕ್ಕೆ ಉಕ್ಕಿನ ತಂತಿ ಇರುತ್ತದೆ, ಅದನ್ನು ತಂದರೆ ಫೈಬರ್ ಹಾಕಿದ ಉದ್ದೇಶವೇ ಹೋಯಿತು. ಎರಡೂ ತುದಿಗೆ ಫೈಬರನ್ನು ಸಾದಾ ನೆಟ್‌ವರ್ಕ್ ಕೇಬಲಿಗೆ ಜೋಡಿಸುವ ಒಂದೊಂದು ಮೀಡಿಯಾ ಕನ್ವರ್ಟರ್. ಅರ್ಧ ದಿನದ ಕೆಲಸ. ಈ ವರ್ಷದ ಏಪ್ರಿಲ್, ಮೇ ಗುಡುಗುಗಳನ್ನೆಲ್ಲ ದಾಟಿದೆ.

ಕರೆಂಟಿನ ವಿಷಯ. ಸರ್ವರ್, ಸ್ವಿಚ್, ರೂಟರ್ ಮೂರಕ್ಕೂ ಸೇರಿ ಒಂದು ಯುಪಿಎಸ್ ಇಟ್ಟೆ, ಯುಎಸ್‌ಬಿ ಪೋರ್ಟ್ ಇರುವಂಥದ್ದೇ ಹುಡುಕಿ ತಂದೆ. ಆ ಪೋರ್ಟಿನಿಂದ ಸರ್ವರಿಗೆ ಒಂದು ಕೇಬಲ್, ಸರ್ವರ್‌ನಲ್ಲಿ ಎನ್‌ಯುಟಿ ಅನ್ನುವ ಪುಕ್ಕಟೆ ಪ್ರೋಗ್ರಾಂ. ಬ್ಯಾಟರಿ ಕಡಿಮೆ ಅಂತ ಯುಪಿಎಸ್ ಹೇಳಿದ ಕೂಡಲೇ ಸರ್ವರ್ ತಾನಾಗಿ ಸರಿಯಾಗಿ ಶಟ್‌ಡೌನ್ ಆಗುತ್ತದೆ. ಬಯಾಸ್‌ನಲ್ಲಿ "ಕರೆಂಟ್ ಬಂದರೆ ಆನ್ ಆಗು" ಅನ್ನುವ ಸೆಟ್ಟಿಂಗ್ ಹಾಕಿದ್ದರಿಂದ ಯಾರೂ ಸ್ಟೂಲ್ ಹತ್ತಿ ಬಟನ್ ಒತ್ತಬೇಕಾಗಿಲ್ಲ.

ಆದರೂ ನಂಬಿಕೆ ಬರಬೇಕಲ್ವಾ? ಒಂದು ಭಾನುವಾರ ಗೋಡೌನಿನಿಂದ ಅಣ್ಣನ ಮಗಳು ಸುಳ್ಳು ಚೀಟಿಗಳನ್ನು ಒಂದರ ಹಿಂದೊಂದು ಹಾಕುತ್ತಾ ಹೋದಳು, ನಾನು ಇತ್ತ ಸರ್ವರಿನ ಪ್ಲಗ್ಗನ್ನೇ ಕಿತ್ತೆ. ಮೂರು ಸಲ. ಮೂರೂ ಸಲ ಅದು ಎದ್ದು, ಬದಲಾವಣೆಗಳನ್ನೆಲ್ಲ ಬರೆದಿಡುವ ತನ್ನ ಲಾಗ್ ಓದಿಕೊಂಡು, ಕೆಲವೇ ಸೆಕೆಂಡಿನಲ್ಲಿ ತಯಾರಾಯಿತು. ಅವಳ ಪರದೆ ಮೇಲೆ "ಸೇವ್ ಆಯಿತು" ಅಂತ ಬಂದ ಚೀಟಿಗಳು ಎಲ್ಲವೂ ಇದ್ದವು. ಸೇವ್ ಆಗುವ ಮುಂಚೆ ಕಡಿದು ಹೋದ ಚೀಟಿ ಅರ್ಧವೂ ಉಳಿದಿರಲಿಲ್ಲ, ಪೂರ್ತಿಯಾಗಿ ಹೋಗಿತ್ತು. ಪೋಸ್ಟ್‌ಗ್ರೆಸ್ ಮೊದಲು ಲಾಗ್‌ಗೆ ಬರೆದು, ಅದು ಡಿಸ್ಕ್ ಮೇಲೆ ಕೂತ ಮೇಲೇ ಆಯ್ತು ಅನ್ನುವುದು, ಅದಕ್ಕೇ ಹೀಗೆ. ವೇಗ ಬೇಕು ಅಂತ, ಡಿಸ್ಕ್ ಮೇಲೆ ಕೂರುವವರೆಗೆ ಕಾಯುವ ಸೆಟ್ಟಿಂಗ್ ಆದ ಎಫ್‌ಸಿಂಕ್ ಆಫ್ ಮಾಡಿ ಅನ್ನುವ ಸಲಹೆ ಎಲ್ಲಾದರೂ ಕಂಡರೆ ಕಿವಿಗೆ ಹಾಕಿಕೊಳ್ಳಬೇಡಿ. ಹಾಗೆ ಮಾಡಿದರೆ ಈ ಭರವಸೆಯೇ ಹೋಗುತ್ತದೆ.

ಇಷ್ಟಕ್ಕೆ ಒಂದು ವಾರ ಹಿಡಿಯಿತು. ಹೆಸರುಗಳಿಗೆ ಮೂರು ವಾರ.

ಹಳೇ ಫೈಲಿನಲ್ಲಿ ಹೆಸರುಗಳೆಲ್ಲ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಇದ್ದವು, ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಕೋಡ್ ಇರುವ ಯೂನಿಕೋಡ್ ಅಲ್ಲ. ಫಾಂಟ್ ತೆಗೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಆಗ ತುಂಬಾ ಆಫೀಸಲ್ಲಿ ಹಾಗೇ ಇದ್ದದ್ದು. 640 ಹೆಸರುಗಳನ್ನು ಒಂದು ಚಿಕ್ಕ ಪ್ರೋಗ್ರಾಂ ಬರೆದು ಯೂನಿಕೋಡಿಗೆ ಬದಲಿಸಿದೆ. ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪಿದವು, ಅಕ್ಕ ಪೆನ್ನು ಹಿಡಿದು ಒಂದೊಂದೇ ನೋಡಿದರು. ಆದರೆ ಕಣ್ಣಿಗೆ ಕಾಣದ ಒಂದು ತಪ್ಪು ಉಳಿದಿತ್ತು. "ಪೊನ್ನಪ್ಪ" ಅಂತ ಹುಡುಕಿದರೆ ಅರ್ಧ ಜನ ಮಾತ್ರ ಬರುತ್ತಿದ್ದರು. ಪರದೆ ಮೇಲೆ ಎಲ್ಲ ಪೊನ್ನಪ್ಪಂದಿರೂ ಒಂದೇ ಥರ ಕಾಣುತ್ತಾರೆ!

ಕಾರಣ ಆ ಮೊದಲ ಅಕ್ಷರ, "ಪೊ". ಕೀಬೋರ್ಡಿನಿಂದ ಟೈಪ್ ಮಾಡಿದರೆ ಪ ಆದ ಮೇಲೆ ಒ ಕಾರದ ಚಿಹ್ನೆ ಒಂದೇ ಕೋಡ್ ಆಗಿ ಕೂರುತ್ತದೆ. ಹಳೇ ಫಾಂಟಿನಲ್ಲಿ ಎತ್ವ ಬೇರೆ ತುಂಡು, ಅದರ ಪಕ್ಕದ ಕೊಂಬು ಬೇರೆ ತುಂಡು. ನನ್ನ ಪ್ರೋಗ್ರಾಂ ಆ ಎರಡು ತುಂಡನ್ನು ಎರಡು ಕೋಡ್ ಆಗಿಯೇ ಬಿಟ್ಟಿತ್ತು. ಎರಡೂ ಸರಿಯಾದ ಯೂನಿಕೋಡೇ, ಎರಡೂ "ಪೊ" ಅಂತಲೇ ಕಾಣುತ್ತದೆ, ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ ಪದ. "ಕೊಡಗು" ಅನ್ನುವ ಹೆಸರಿಗೇ ಇದೇ ಗತಿ. ಪೋಸ್ಟ್‌ಗ್ರೆಸ್ 13ರಿಂದ ನಾರ್ಮಲೈಸ್ ಅನ್ನುವ ಫಂಕ್ಷನ್ ಇದೆ, ಅದಕ್ಕೆ ಎನ್‌ಎಫ್‌ಸಿ ಅಂತ ಹೇಳಿದರೆ ತುಂಡುಗಳನ್ನು ಒಂದು ಮಾಡುತ್ತದೆ. ಹಳೇ ಹೆಸರುಗಳ ಮೇಲೆ ಒಂದು ಸಲ ಓಡಿಸಿದೆ, ಇನ್ನು ಮುಂದೆ ಬರುವ ಪ್ರತಿ ಹೆಸರೂ ಸೇವ್ ಆಗುವ ಮುಂಚೆ ಅದರ ಮೂಲಕವೇ ಹೋಗುವ ಹಾಗೆ ಟ್ರಿಗರ್, ಅಂದರೆ ಸೇವ್ ಮಾಡುವಾಗ ತಾನಾಗಿ ಓಡುವ ಒಂದು ತುಣುಕು, ಇಟ್ಟೆ. ಪೊನ್ನಪ್ಪಂದಿರು ಎಲ್ಲರೂ ಬಂದರು. ಕನ್ನಡದಲ್ಲಿ ಡೇಟಾ ಇಡುವವರು ಯಾರೇ ಇರಲಿ, ಇದೊಂದನ್ನು ಮೊದಲ ದಿನವೇ ಮಾಡಿಕೊಳ್ಳಿ. ಅಕಾರಾದಿಯಾಗಿ ಬರಲು ಐಸಿಯು ಕೊಲೇಷನ್ ಅನ್ನುವ ವಿಂಗಡಣೆ ನಿಯಮ ಬೇರೆ ಹಾಕಿದ್ದೇನೆ.

ಒಂದೇ ಹೆಸರಿನವರು ಹತ್ತಾರು ಜನ ಇರುವುದು ನಮ್ಮಲ್ಲಿ ಸಾಮಾನ್ಯ. ಅವರನ್ನು ಬೇರೆ ಮಾಡುವುದು ಮನೆತನದ ಹೆಸರು, ಊರು. ಹಳೇ ಫೈಲಿನಲ್ಲಿ ಇವೆಲ್ಲ ಒಂದೇ ಖಾನೆಯಲ್ಲಿ ಕಲಸಿ ಹೋಗಿದ್ದವು, ಒಬ್ಬೊಬ್ಬರು ಬರೆದದ್ದು ಒಂದೊಂದು ಥರ. ಈಗ ಮನೆತನ, ಹೆಸರು, ಊರು ಮೂರು ಬೇರೆ ಖಾನೆ. ಊರಿನದು ಬೇರೆಯೇ ಪಟ್ಟಿ: ಚೆಟ್ಟಳ್ಳಿ, ಕೆದಕಲ್, ಮಾದಾಪುರ, ನಾಕೂರು, ಗರಗಂದೂರು ಅಂತ. ಆ ಪಟ್ಟಿಯಿಂದ ಆರಿಸಬೇಕು, ಕೈಯಲ್ಲಿ ಬರೆಯುವ ಹಾಗಿಲ್ಲ. ಪ್ರತಿಯೊಬ್ಬರಿಗೂ ಒಂದು ನಂಬರ್, ಲೆಕ್ಕವೆಲ್ಲ ಆ ನಂಬರಿಗೆ.

ಇನ್ನು ಔಟ್‌ಟರ್ನ್ ಲೆಕ್ಕ. ಹೊರಗಿನವರಿಗೆ ಒಂದು ಮಾತು: ಚೆರಿ ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ. ಚೀಲದಿಂದ ಸ್ವಲ್ಪ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗಿ, 50 ಕಿಲೋ ಚೀಲಕ್ಕೆ ಎಷ್ಟು ಕಿಲೋ ಬೀಜ ಬರುತ್ತದೆ ಅಂತ ನೋಡುತ್ತಾರೆ. ಅದೇ ಔಟ್‌ಟರ್ನ್. ಬೆಲೆ ನಿಲ್ಲುವುದು ಅದರ ಮೇಲೆ. 1242.6 ಕಿಲೋ ಚೆರಿ, ಔಟ್‌ಟರ್ನ್ 26.5 ಅಂತ ಇಟ್ಟುಕೊಳ್ಳಿ. 24.852 ಚೀಲ, 658.578 ಕಿಲೋ ಬೀಜ. ಗೋಡೌನಿನ ಹಳೇ ಫಾರಂ ಚೀಲವನ್ನು ಮೊದಲೇ 24.85 ಅಂತ ಕತ್ತರಿಸಿ ಗುಣಿಸುತ್ತಿತ್ತು, ಅದರಿಂದ 658.525 ಬರುತ್ತದೆ. ಆಫೀಸಿನ ಫಾರಂ ಕೊನೆಗೆ ಮಾತ್ರ ಕತ್ತರಿಸುತ್ತಿತ್ತು. ಬೀಜ ಕಿಲೋಗೆ 400 ರೂಪಾಯಿ ಅಂತ ಹಿಡಿದರೂ ಒಂದು ಚೀಟಿಗೆ 21 ರೂಪಾಯಿ ವ್ಯತ್ಯಾಸ. ದೊಡ್ಡ ದುಡ್ಡಲ್ಲ. ಆದರೆ ರೈತನ ಕೈಯಲ್ಲಿ ಒಂದು ಮೊತ್ತ, ನಮ್ಮ ಪುಸ್ತಕದಲ್ಲಿ ಇನ್ನೊಂದು ಮೊತ್ತ ಇದ್ದರೆ ಅವನು ನಮ್ಮನ್ನು ಯಾಕೆ ನಂಬಬೇಕು? ಈಗ ಗುಣಾಕಾರ ಡೇಟಾಬೇಸ್ ಒಳಗೆ, ಒಂದೇ ಕಡೆ. ಫಾರಂಗಳು ಅದು ಹೇಳಿದ್ದನ್ನು ತೋರಿಸುತ್ತವೆ ಅಷ್ಟೇ. ತೂಕ, ದುಡ್ಡು ಎಲ್ಲದಕ್ಕೂ ದಶಮಾಂಶವನ್ನು ಇದ್ದ ಹಾಗೇ ಇಡುವ ನ್ಯೂಮೆರಿಕ್ ಟೈಪ್. ಅಂದಾಜಿನಲ್ಲಿ ಇಡುವ ಫ್ಲೋಟ್ ಬೇಡವೇ ಬೇಡ, ಅದರಲ್ಲಿ ಪೈಸೆ ಸೋರುತ್ತದೆ.

ಚೀಟಿ ನಂಬರ್ ವಿಷಯದಲ್ಲಿ ಅಣ್ಣನ ಕಣ್ಣು ನನಗಿಂತ ಚುರುಕು. ನಾನು ಮೊದಲು ಪೋಸ್ಟ್‌ಗ್ರೆಸ್‌ನ ಸಾಲಾಗಿ ನಂಬರ್ ಕೊಡುವ ಸೀಕ್ವೆನ್ಸ್ ಬಳಸಿದ್ದೆ. ಪ್ರಯೋಗದ ಎರಡನೇ ದಿನವೇ ಕರೆದ. "ಇಲ್ಲಿ ನೋಡು ಮಾರಾಯ, 187 ಆದ ಮೇಲೆ 189 ಇದೆ. 188 ಎಲ್ಲಿ?" ಸೀಕ್ವೆನ್ಸ್ ನಂಬರ್ ಕೊಟ್ಟ ಮೇಲೆ ಚೀಟಿ ಸೇವ್ ಆಗದೆ ಹೋದರೂ ಆ ನಂಬರ್ ವಾಪಸ್ ಬರುವುದಿಲ್ಲ. ಕಂಪ್ಯೂಟರ್ ದೃಷ್ಟಿಯಿಂದ ಅದು ಸರಿ. ಆದರೆ ವ್ಯಾಪಾರದಲ್ಲಿ ನಡುವಿನ ಒಂದು ಚೀಟಿ ಇಲ್ಲ ಅಂದರೆ ಆಡಿಟರ್ ಕೇಳುವ ಮೊದಲ ಪ್ರಶ್ನೆಯೇ ಅದು. ಸೀಕ್ವೆನ್ಸ್ ತೆಗೆದು, ಕೊನೆಯ ಚೀಟಿ ನಂಬರ್ ಬರೆದಿಡುವ ಒಂದು ಸಾಲಿನ ಟೇಬಲ್ ಮಾಡಿದೆ. ಚೀಟಿ ಸೇವ್ ಆಗುವಾಗ ಟ್ರಿಗರ್ ಆ ಸಾಲಿಗೆ ಒಂದು ಕೂಡಿಸಿ, ಬಂದ ನಂಬರನ್ನು ಚೀಟಿಗೆ ಹಾಕುತ್ತದೆ. ಮೊದಲನೆಯವರದು ಮುಗಿಯುವವರೆಗೆ ಆ ಸಾಲಿಗೆ ಬೀಗ, ಎರಡನೆಯವರು ಕಾಯಬೇಕು. ಚೀಟಿ ನಡುವೆ ನಿಂತುಹೋದರೆ ನಂಬರೂ ಹಿಂದಕ್ಕೆ. ದಿನಕ್ಕೆ ಸಾವಿರಾರು ಚೀಟಿ ಇರುವ ಕಡೆ ಈ ಕಾಯುವಿಕೆ ಭಾರ ಆಗಬಹುದು, ನಮ್ಮಲ್ಲಿ ಜೋರಿನ ದಿನ ನೂರು ದಾಟಿದರೆ ಹೆಚ್ಚು. ಚೀಟಿ ನಂಬರ್ ಏಪ್ರಿಲ್ 1ಕ್ಕೆ ಹೊಸದಾಗಿ ಶುರುವಾಗುತ್ತದೆ, ಆದರೆ ಕಾಫಿ ವರ್ಷ ಅಕ್ಟೋಬರಿನಿಂದ ಸೆಪ್ಟೆಂಬರ್. ಹಾಗಾಗಿ ಪ್ರತಿ ಚೀಟಿಗೂ ವರ್ಷದ ಖಾನೆ ಎರಡು ಇವೆ, ಲೆಕ್ಕದ ವರ್ಷಕ್ಕೊಂದು, ಕಾಫಿ ವರ್ಷಕ್ಕೊಂದು.

ಚೀಟಿ ಅಳಿಸುವ ಅಧಿಕಾರ ಯಾರಿಗೂ ಕೊಟ್ಟಿಲ್ಲ, ಅಣ್ಣನಿಗೂ ಇಲ್ಲ. ತಪ್ಪಾದರೆ ರದ್ದು ಅಂತ ಗುರುತು ಹಾಕಿ ಕಾರಣ ಬರೆಯಬೇಕು. ಗೋಡೌನಿನ ಯೂಸರ್ ಹೊಸ ಚೀಟಿ ಹಾಕಬಹುದು, ದುಡ್ಡಿನ ಟೇಬಲ್ ನೋಡಲೂ ಆಗದು.

ಫಾರಂಗಳನ್ನು ಬದಲಿಸಲಿಲ್ಲ. ಏಳು ವರ್ಷ ಕೈ ಪಳಗಿದ ಪರದೆ ಅದು, ಅಕ್ಕನಿಗೆ ಕಣ್ಣುಮುಚ್ಚಿ ಟ್ಯಾಬ್ ಒತ್ತಿಕೊಂಡು ಹೋಗುವುದು ಗೊತ್ತು. ಆಕ್ಸೆಸ್ ಫೈಲ್ ಈಗ ಪ್ರತಿ ಕಂಪ್ಯೂಟರಿನಲ್ಲೂ ಒಂದೊಂದು ಪ್ರತಿ, ಅದರಲ್ಲಿ ಫಾರಂ ಮಾತ್ರ. ಟೇಬಲ್‌ಗಳು ಡೇಟಾಬೇಸಿಗೆ ಸೇತುವೆಯಾಗುವ ಓಡಿಬಿಸಿ ಡ್ರೈವರ್ ಮೂಲಕ ಪೋಸ್ಟ್‌ಗ್ರೆಸ್‌ಗೆ ಲಿಂಕ್. ಇಲ್ಲಿ ಮೂರು ಕಡೆ ನಿಂತುಕೊಂಡೆ. ಮೈಕ್ರೋಸಾಫ್ಟ್ ಆಫೀಸ್ 32 ಬಿಟ್ ಆದರೆ ಡ್ರೈವರೂ 32 ಬಿಟ್ಟೇ ಬೇಕು, ವಿಂಡೋಸ್ 64 ಆದರೂ ಸರಿ. ಡ್ರೈವರ್ ಪಟ್ಟಿಯಲ್ಲಿ ಆನ್ಸಿ, ಯೂನಿಕೋಡ್ ಅಂತ ಎರಡು ಬರುತ್ತವೆ, ಆನ್ಸಿ ಆರಿಸಿದರೆ ಕನ್ನಡವೆಲ್ಲ ಪ್ರಶ್ನೆ ಚಿಹ್ನೆ. ಇನ್ನೊಂದು, ಎಲ್ಲ ಖಾನೆಯಲ್ಲೂ "ಡಿಲೀಟೆಡ್" ಅಂತ ಬಂದು ಎದೆ ಧಸಕ್ಕೆಂದಿತು. ಏನೂ ಅಳಿಸಿ ಹೋಗಿರಲಿಲ್ಲ. ಪ್ರತಿ ಸಾಲನ್ನು ಗುರುತಿಸುವ ಪ್ರೈಮರಿ ಕೀಯನ್ನು ತುಂಬಾ ದೊಡ್ಡ ಸಂಖ್ಯೆ ಹಿಡಿಯುವ ಬಿಗ್‌ಇಂಟ್ ಮಾಡಿದ್ದೆ, ಹಳೇ ಆಕ್ಸೆಸ್‌ಗೆ ಅದು ಅರ್ಥ ಆಗುವುದಿಲ್ಲ. ಇಂಟಿಜರ್ ಮಾಡಿದೆ, ಸರಿಹೋಯಿತು. ಇಂಟಿಜರ್ 214 ಕೋಟಿವರೆಗೆ ಹೋಗುತ್ತದೆ, ನಮಗೆ ಸಾಲದೇ ಹೋಗುವ ಪ್ರಶ್ನೆಯೇ ಇಲ್ಲ.

ಬ್ಯಾಕಪ್ ರಾತ್ರಿ ಎಂಟಕ್ಕೆ ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಪಿಜಿ ಡಂಪ್‌ನಿಂದ ತಾನಾಗಿ ಆಗುತ್ತದೆ. ಪಾಸ್‌ವರ್ಡ್ ಹಾಕಿದ ಎರಡು ಹಾರ್ಡ್ ಡಿಸ್ಕ್ ಇವೆ, ಶನಿವಾರ ಶನಿವಾರ ಅದಲುಬದಲು, ಒಂದು ಯಾವಾಗಲೂ ಅಣ್ಣನ ಮನೆಯಲ್ಲಿ. 2018ರ ಆಗಸ್ಟ್ ತಿಂಗಳ ಮಳೆ, ಭೂಕುಸಿತ ನೋಡಿದವರಿಗೆ ಎಲ್ಲವನ್ನೂ ಒಂದೇ ಕಟ್ಟಡದಲ್ಲಿ ಇಡಬೇಡಿ ಅಂತ ಹೇಳಬೇಕಾಗಿಲ್ಲ. ತಿಂಗಳಿಗೊಮ್ಮೆ ನನ್ನ ಲ್ಯಾಪ್‌ಟಾಪಿನಲ್ಲಿ ಬ್ಯಾಕಪ್ಪನ್ನು ರಿಸ್ಟೋರ್ ಮಾಡಿ, ಆ ತಿಂಗಳ ಒಟ್ಟು ತೂಕ ತಾಳೆ ನೋಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಿಸ್ಕ್ ಇಡುವ ಬೀರುವಿನಲ್ಲಿ ಚಿಕ್ಕ ಬಲ್ಬ್ ಉರಿಯುತ್ತಿರುತ್ತದೆ, ಬಟ್ಟೆಗೆ ಬೂಸ್ಟು ಹಿಡಿಯದ ಹಾಗೆ ಮನೆಯಲ್ಲಿ ಇಡುವ ಹಾಗೇ. ಸರ್ವರ್ ಮಳೆಗಾಲದಲ್ಲಿ ಆಫ್ ಮಾಡುವುದೇ ಇಲ್ಲ, ಓಡುತ್ತಿದ್ದರೆ ಒಳಗೆ ಬೆಚ್ಚಗಿರುತ್ತದೆ, ತೇವ ಕೂರುವುದಿಲ್ಲ.

ಈ ಸಲದ ಸೀಸನ್ ಪೂರ್ತಿ ಇದರ ಮೇಲೇ ನಡೆಯಿತು. ಫೆಬ್ರವರಿಯಲ್ಲಿ ಒಂದು ಸಂಜೆ ಮತ್ತೆ ಕರೆಂಟ್ ಹೋದಾಗ ನಾನು ಅಲ್ಲೇ ಇದ್ದೆ. ಗೋಡೌನ್ ಕಂಪ್ಯೂಟರ್ ಆಫ್ ಆಯಿತು. ಜನರೇಟರ್ ಹಾಕಿದರು. ಅಕ್ಕ ಪರದೆ ನೋಡಿ, ಕಾರ್ಬನ್ ಬುಕ್ಕಿನ ಕೊನೆ ಹಾಳೆ ನೋಡಿ, "312. ಇದೆ" ಅಂದು ಮುಂದಿನ ಚೀಟಿಗೆ ಕೈ ಹಾಕಿದರು.

ತೂಕ ಇನ್ನೂ ಕೈಯಲ್ಲೇ ಟೈಪ್ ಮಾಡುತ್ತಿದ್ದಾರೆ. ತೂಕದ ಮೆಷಿನ್ ಹಿಂದೆ ಸೀರಿಯಲ್ ಪೋರ್ಟ್ ಇದೆ, ಅದಕ್ಕೆ ಹೊಂದುವ ಯುಎಸ್‌ಬಿ ಕನ್ವರ್ಟರ್ ತಂದಿಟ್ಟಿದ್ದೇನೆ. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಮುಂಚೆ ಅದನ್ನೂ ಜೋಡಿಸಬೇಕು.